ಕುವೈಟಿನ ಯುದ್ಧ, ಜಿನೀವಾದ ಅರ್ಜಿ ಮತ್ತು ನಮ್ಮೂರಿನ ಮನೆಗಳು

ವಿಶ್ವಸಂಸ್ಥೆ, ಭದ್ರತಾ ಮಂಡಳಿ, ಮಾನವ ಹಕ್ಕುಗಳ ಒಡಂಬಡಿಕೆ, ಆರ್ಥಿಕ ದಿಗ್ಬಂಧನ ಮುಂತಾದ ಮಾತುಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅವು ದೊಡ್ಡವರ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎಂದು ಪುಟ ಮಗುಚುವವರೇ ನಮ್ಮಲ್ಲಿ ಹೆಚ್ಚು. ಗಂಗೊಳ್ಳಿಯ ಬಂದರಿನಲ್ಲಿ ಮೀನು ಇಳಿಸುವವರಿಗೆ, ಬ್ರಹ್ಮಾವರದಲ್ಲಿ ಗದ್ದೆ ತೋಟ ನೋಡಿಕೊಳ್ಳುವವರಿಗೆ, ಬೈಂದೂರಿನಲ್ಲಿ ಮಗನ ಫೋನಿಗಾಗಿ ಕಾಯುವ ತಾಯಿಗೆ ನ್ಯೂಯಾರ್ಕಿನ ನಿರ್ಣಯಗಳಿಂದ ಆಗುವುದೇನು?

ಆದರೆ ನಮ್ಮ ಕರಾವಳಿಯ ಮನೆಗಳಿಗೆ ಭದ್ರತಾ ಮಂಡಳಿಯ ಒಂದು ನಿರ್ಣಯ ನೇರವಾಗಿ ಬಂದು ತಲುಪಿದ್ದುಂಟು. 1990ರಲ್ಲಿ ಕುವೈಟಿನಿಂದ ಕೆಲಸ ಬಿಟ್ಟು ಓಡಿ ಬಂದವರಿಗೆ ಕೆಲವು ವರ್ಷಗಳ ನಂತರ ಸಿಕ್ಕಿದ ಪರಿಹಾರದ ಹಣ ಅಂಥ ಒಂದು ನಿರ್ಣಯದ ಫಲ. ಅಂದು ಸಾಮೂಹಿಕ ಭದ್ರತೆ, ವ್ಯಾಪಾರ ಮತ್ತು ಮಾನವ ಹಕ್ಕು ಎಂಬ ಮೂರು ವಿಷಯಗಳು ಒಂದೇ ಘಟನೆಯಲ್ಲಿ ಸೇರಿಕೊಂಡವು. ಅದು ಹೇಗೆ ನಡೆಯಿತು, ಎಲ್ಲಿ ಸೋತಿತು, ಇಂದು ಪರದೇಶದಲ್ಲಿ ದುಡಿಯುವ ನಮ್ಮವರಿಗೆ ಅದರಿಂದ ಏನು ಪಾಠ ಎಂಬುದನ್ನು ಇಲ್ಲಿ ಸರಳವಾಗಿ ತಿಳಿಸಲು ಪ್ರಯತ್ನಿಸುತ್ತೇವೆ.

ಬಲಶಾಲಿಯ ರಹದಾರಿ

ದೇಶ ದೇಶಗಳ ನಡುವೆ ಒಪ್ಪಿದ ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕುಂದಾಪುರದ ಪಕ್ಕದ ಬಸ್ರೂರು ಒಂದು ಕಾಲಕ್ಕೆ ಅಕ್ಕಿ ವ್ಯಾಪಾರದ ದೊಡ್ಡ ಬಂದರು. ಇಲ್ಲಿಯ ಅಕ್ಕಿ ಹಡಗುಗಳಲ್ಲಿ ದೂರದ ದೇಶಗಳಿಗೆ ಹೋಗುತ್ತಿತ್ತು. ಪೋರ್ಚುಗೀಸರು ಅರಬ್ಬಿ ಸಮುದ್ರಕ್ಕೆ ಬಂದ ಮೇಲೆ ‘ಕರ್ತಾಜ್’ ಎಂಬ ರಹದಾರಿ ಪತ್ರದ ಪದ್ಧತಿ ತಂದರು. ಅವರಿಗೆ ಹಣ ತೆತ್ತು ಆ ಪತ್ರ ಪಡೆದ ಹಡಗು ಸುರಕ್ಷಿತ. ಪತ್ರ ಇಲ್ಲದ ಹಡಗನ್ನು ಅವರು ಸರಕು ಸಮೇತ ವಶಪಡಿಸಿಕೊಳ್ಳುತ್ತಿದ್ದರು. 1569ರಲ್ಲಿ ಅವರು ಬಸ್ರೂರನ್ನೇ ಹಿಡಿದರು. 1665ರಲ್ಲಿ ಶಿವಾಜಿಯ ನೌಕಾಪಡೆ ಬಂದು ಈ ಪೇಟೆಯನ್ನು ಲೂಟಿ ಮಾಡಿ ಹೋಯಿತು.

ಆಗ ಬಸ್ರೂರಿನ ವ್ಯಾಪಾರಿ ಯಾರಲ್ಲಿ ದೂರು ಕೊಡಬೇಕಿತ್ತು? ಅವನ ನಷ್ಟ ಕೇಳುವ ಸಭೆಯಾಗಲಿ, ಪರಿಹಾರ ಕೊಡಿಸುವ ನ್ಯಾಯಸ್ಥಾನವಾಗಲಿ ಇರಲಿಲ್ಲ. ಬಲ ಇದ್ದವನ ಪತ್ರವೇ ಕಾನೂನು. ಎರಡು ಮಹಾಯುದ್ಧಗಳಲ್ಲಿ ಕೋಟಿಗಟ್ಟಲೆ ಜನ ಸತ್ತ ಮೇಲೆ, ಈ ಸ್ಥಿತಿ ಬದಲಾಗಬೇಕು ಎಂಬ ಉದ್ದೇಶದಿಂದ 1945ರಲ್ಲಿ ವಿಶ್ವಸಂಸ್ಥೆ ಹುಟ್ಟಿತು. ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರ.

ಸಾಮೂಹಿಕ ಭದ್ರತೆ ಎಂದರೆ ಏನು?

ಊರಿನಲ್ಲಿ ಒಬ್ಬನ ಮನೆಗೆ ಕಳ್ಳ ನುಗ್ಗಿದರೆ ಇಡೀ ಊರೇ ಎದ್ದು ಬರಬೇಕು ಎಂದು ಮೊದಲೇ ಮಾತಾಡಿಕೊಂಡಂತೆ, ಒಂದು ದೇಶದ ಮೇಲೆ ಆಕ್ರಮಣವಾದರೆ ಉಳಿದ ದೇಶಗಳು ಒಟ್ಟಾಗಿ ಅದನ್ನು ತಡೆಯಬೇಕು ಎಂಬುದೇ ಸಾಮೂಹಿಕ ಭದ್ರತೆ. ಈ ಜವಾಬ್ದಾರಿಯನ್ನು ವಿಶ್ವಸಂಸ್ಥೆಯ ಸನ್ನದು ಭದ್ರತಾ ಮಂಡಳಿಗೆ ಕೊಟ್ಟಿದೆ. ಇದರಲ್ಲಿ 15 ಸದಸ್ಯ ದೇಶಗಳು. ಅವುಗಳಲ್ಲಿ ಅಮೆರಿಕ, ರಷ್ಯ, ಚೀನ, ಬ್ರಿಟನ್ ಮತ್ತು ಫ್ರಾನ್ಸ್ ಖಾಯಂ ಸದಸ್ಯರು. ಈ ಐವರಲ್ಲಿ ಒಬ್ಬರು ಬೇಡ ಎಂದರೂ ಮುಖ್ಯ ನಿರ್ಣಯ ಬಿದ್ದುಹೋಗುತ್ತದೆ. ಇದಕ್ಕೆ ವೀಟೋ ಎನ್ನುತ್ತಾರೆ. ಸನ್ನದಿನ ಏಳನೆಯ ಅಧ್ಯಾಯದ ಪ್ರಕಾರ ಮಂಡಳಿಯು ಮೊದಲು ವ್ಯಾಪಾರ ಸಂಬಂಧ ಕಡಿದುಹಾಕುವಂಥ ಕ್ರಮ ತೆಗೆದುಕೊಳ್ಳಬಹುದು. ಅದು ಸಾಲದಿದ್ದರೆ ಸೈನ್ಯ ಬಳಸಲು ಅನುಮತಿ ಕೊಡಬಹುದು.

ಕಾಗದದಲ್ಲಿ ಇದು ಚೆನ್ನಾಗಿದ್ದರೂ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಶೀತಲ ಸಮರದ ಕಾಲದಲ್ಲಿ ವೀಟೋದಿಂದಾಗಿ ಹೆಚ್ಚೇನೂ ನಡೆಯಲಿಲ್ಲ. 1990ರ ಹೊತ್ತಿಗೆ ಆ ಶೀತಲ ಸಮರ ಮುಗಿಯುತ್ತಾ ಬಂದಿತ್ತು. ಅದೇ ಸಮಯಕ್ಕೆ ಕುವೈಟಿನ ಘಟನೆ ನಡೆಯಿತು.

1990ರ ಆಗಸ್ಟ್ 2

ಆ ದಿನ ಇರಾಕಿನ ಸದ್ದಾಂ ಹುಸೇನರ ಸೈನ್ಯ ಕುವೈಟನ್ನು ಆಕ್ರಮಿಸಿತು. ಆಗ ಕುವೈಟಿನಲ್ಲಿ ಸುಮಾರು 1,70,000 ಭಾರತೀಯರಿದ್ದರು. ಅವರಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರು ಸಾಕಷ್ಟು ಮಂದಿ. ಕಚೇರಿ ಗುಮಾಸ್ತರು, ಚಾಲಕರು, ದಾದಿಯರು, ಎಣ್ಣೆ ಕಂಪನಿಗಳ ಕೆಲಸಗಾರರು, ಮನೆಕೆಲಸದ ಹೆಂಗಸರು ಹೀಗೆ ನಾನಾ ಕೆಲಸಗಳಲ್ಲಿ ನಮ್ಮವರಿದ್ದರು. ಬೆಳಗ್ಗೆ ಏಳುವಾಗ ಬ್ಯಾಂಕು ಬಂದ್, ಸಂಬಳ ಇಲ್ಲ, ಫೋನ್ ಇಲ್ಲ. ಕೈಯಲ್ಲಿದ್ದ ಕುವೈಟಿ ದಿನಾರಿನ ಬೆಲೆ ಬಿದ್ದುಹೋಯಿತು. ಪಾಸ್‌ಪೋರ್ಟನ್ನು ಮಾಲಿಕನ ಹತ್ತಿರ ಇಡುವ ರೂಢಿಯಿದ್ದ ಕಾರಣ ಮಾಲಿಕ ಓಡಿಹೋದಲ್ಲಿ ಪಾಸ್‌ಪೋರ್ಟೂ ಹೋಯಿತು. ಊರಿನಲ್ಲಿ ಸುದ್ದಿ ಇಲ್ಲದೆ ಕಾದು ಕುಳಿತವರ ಸಂಕಟ ಬೇರೆ.

ಅದೇ ದಿನ ಭದ್ರತಾ ಮಂಡಳಿ 660ನೇ ನಿರ್ಣಯ ಅಂಗೀಕರಿಸಿ, ಇರಾಕಿ ಸೈನ್ಯ ಕೂಡಲೇ ಹಿಂದೆ ಸರಿಯಬೇಕೆಂದು ಹೇಳಿತು. ಆಗಸ್ಟ್ 6ರಂದು 661ನೇ ನಿರ್ಣಯದ ಮೂಲಕ ಇರಾಕ್ ಮತ್ತು ಅದರ ವಶದಲ್ಲಿದ್ದ ಕುವೈಟಿನೊಂದಿಗೆ ಎಲ್ಲ ವ್ಯಾಪಾರವನ್ನು ನಿಲ್ಲಿಸಲಾಯಿತು. ಅಲ್ಲಿಯ ಎಣ್ಣೆಯನ್ನು ಯಾರೂ ಕೊಳ್ಳಬಾರದು, ಅಲ್ಲಿಗೆ ಸರಕು ಕಳಿಸಬಾರದು. ನವೆಂಬರ್ 29ರ 678ನೇ ನಿರ್ಣಯ ಇರಾಕಿಗೆ 1991ರ ಜನವರಿ 15ರ ಗಡುವು ನೀಡಿತು. ಅದರೊಳಗೆ ಹಿಂದೆ ಹೋಗದಿದ್ದರೆ ಬಲ ಬಳಸಬಹುದು ಎಂದು ಸದಸ್ಯ ದೇಶಗಳಿಗೆ ಅನುಮತಿ ಕೊಟ್ಟಿತು. ಯುದ್ಧ ನಡೆದು 1991ರ ಫೆಬ್ರವರಿ ಕೊನೆಗೆ ಕುವೈಟ್ ಬಿಡುಗಡೆಯಾಯಿತು.

ದಿಗ್ಬಂಧನದೊಳಗೆ ಸಿಕ್ಕಿಬಿದ್ದವರ ಊಟ

ವ್ಯಾಪಾರ ನಿಲ್ಲಿಸುವುದು ಯುದ್ಧಕ್ಕಿಂತ ಮೃದುವಾದ ಅಸ್ತ್ರ ಎಂದು ತೋರುತ್ತದೆ. ಆದರೆ ಅದು ತಪ್ಪು ಮಾಡಿದ ಆಳುವವನಿಗೆ ತಾಗುವ ಮೊದಲು ಅಲ್ಲಿರುವ ಸಾಮಾನ್ಯ ಜನರ ಅಡುಗೆಮನೆಗೆ ತಾಗುತ್ತದೆ. ಕುವೈಟಿನಲ್ಲಿ ಉಳಿದುಹೋದ ಭಾರತೀಯರಿಗೂ ಆಹಾರದ ಕೊರತೆ ಕಾಣಿಸಿಕೊಂಡಿತು. 661ನೇ ನಿರ್ಣಯ ಮಾನವೀಯ ಸಂದರ್ಭದಲ್ಲಿ ಮಾತ್ರ ಆಹಾರಕ್ಕೆ ವಿನಾಯಿತಿ ಕೊಟ್ಟಿತ್ತು. ಅಂಥ ಸಂದರ್ಭ ಬಂದಿದೆಯೇ ಎಂದು ತೀರ್ಮಾನಿಸುವವರು ಯಾರು ಎಂಬುದು ಪ್ರಶ್ನೆಯಾಯಿತು.

ಭಾರತ ತನ್ನ ಜನರಿಗೆ ಆಹಾರ ಕಳಿಸಲು ಅವಕಾಶ ಕೊಡಬೇಕೆಂದು ಭದ್ರತಾ ಮಂಡಳಿಯ ದಿಗ್ಬಂಧನ ಸಮಿತಿಯನ್ನು ಕೇಳಿತು. ಸೆಪ್ಟೆಂಬರ್ 13ರಂದು ಬಂದ 666ನೇ ನಿರ್ಣಯ ಆಹಾರ ಹಂಚಿಕೆಯ ನಿಯಮಗಳನ್ನು ನಿಗದಿ ಮಾಡಿತು. ಬಳಿಕ ‘ವಿಶ್ವಸಿದ್ಧಿ’ ಎಂಬ ಭಾರತದ ಹಡಗು ಆಹಾರ ಹೊತ್ತು ಅತ್ತ ಹೋಯಿತು. ಒಂದು ಹಡಗು ಅಕ್ಕಿ ಗೋಧಿ ಕಳಿಸಲು ಇಷ್ಟೊಂದು ಪತ್ರ ವ್ಯವಹಾರವೇ ಎಂದು ಕೇಳಬಹುದು. ಆದರೆ ಆ ವಿನಾಯಿತಿಯ ಒಂದು ಸಾಲು ನಿರ್ಣಯದಲ್ಲಿ ಇದ್ದ ಕಾರಣವೇ ಭಾರತಕ್ಕೆ ಕೇಳುವ ಹಕ್ಕು ಸಿಕ್ಕಿತು ಎಂಬುದನ್ನು ಗಮನಿಸಬೇಕು.

ಊರಿಗೆ ಬಂದ ದಾರಿ

ಭಾರತ ಸರಕಾರ ಆರಂಭದಲ್ಲಿ ಇರಾಕನ್ನು ಗಟ್ಟಿಯಾಗಿ ಖಂಡಿಸಲು ಹಿಂಜರಿಯಿತು. ಒಂದೂ ಮುಕ್ಕಾಲು ಲಕ್ಷದಷ್ಟು ಭಾರತೀಯರು ಇರಾಕಿ ಸೈನ್ಯದ ಕೈಯಲ್ಲಿದ್ದಂತೆ ಇದ್ದುದು ಇದಕ್ಕೆ ಒಂದು ಮುಖ್ಯ ಕಾರಣ. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಸ್ವತಃ ಬಾಗ್ದಾದಿಗೆ ಹೋಗಿ ಸದ್ದಾಂ ಅವರನ್ನು ಭೇಟಿಯಾದರು. ನಮ್ಮವರು ಹೊರಡಲು ದಾರಿ ತೆರೆಯಿತು.

ಆ ದಾರಿ ಸುಲಭದ್ದಾಗಿರಲಿಲ್ಲ. ಕುವೈಟಿನಿಂದ ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ಮತ್ತೆ ಮರುಭೂಮಿ ದಾಟಿ ಜೋರ್ಡಾನಿನ ಗಡಿ. ಅಲ್ಲಿ ಹಲವು ದೇಶಗಳ ಲಕ್ಷಾಂತರ ಕಾರ್ಮಿಕರು ಬಿಸಿಲಿನಲ್ಲಿ ಗುಡಾರಗಳಲ್ಲಿ ಕಾಯುತ್ತಿದ್ದರು. ಜೋರ್ಡಾನ್ ಬಡ ದೇಶವಾದರೂ ಬಾಗಿಲು ತೆರೆಯಿತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ರೆಡ್‌ಕ್ರಾಸ್, ಅಂತರರಾಷ್ಟ್ರೀಯ ವಲಸೆ ಸಂಘಟನೆ ಮತ್ತು ಅನೇಕ ಸೇವಾಸಂಸ್ಥೆಗಳು ನೀರು, ಆಹಾರ, ಪ್ರಯಾಣಕ್ಕೆ ನೆರವಾದವು. ಅಮ್ಮಾನ್ ವಿಮಾನ ನಿಲ್ದಾಣದಿಂದ ಏರ್ ಇಂಡಿಯಾ ಮುಂತಾದ ವಿಮಾನಗಳು ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಬಾರಿ ಹಾರಾಟ ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮುಂಬಯಿಗೆ ತಂದವು. ಆಗ ನಮ್ಮ ಕಡೆಗೆ ಕೊಂಕಣ ರೈಲು ಇರಲಿಲ್ಲ. ಮುಂಬಯಿಯಲ್ಲಿ ಇಳಿದವರು ಕುಂದಾಪುರ ಮುಟ್ಟಲು ಮತ್ತೆ ಬಸ್ಸು ಹಿಡಿಯಬೇಕಿತ್ತು.

2016ರಲ್ಲಿ ಬಂದ ‘ಏರ್‌ಲಿಫ್ಟ್’ ಹಿಂದಿ ಚಲನಚಿತ್ರ ನೋಡಿದವರಿಗೆ ಇದು ಒಬ್ಬ ವೀರನ ಸಾಹಸ ಎಂದು ಅನಿಸಬಹುದು. ವಾಸ್ತವದಲ್ಲಿ ಇದು ಅನೇಕರ ಕೆಲಸ. ಕುವೈಟಿನಲ್ಲಿದ್ದ ಭಾರತೀಯರೇ ಸಮಿತಿ ಕಟ್ಟಿ ಪಟ್ಟಿ ಮಾಡಿದರು, ಬಸ್ಸು ಗೊತ್ತುಮಾಡಿದರು. ರಾಯಭಾರ ಕಚೇರಿಯವರು, ವಿಮಾನ ಸಿಬ್ಬಂದಿ, ದಾರಿಯ ದೇಶಗಳ ಅಧಿಕಾರಿಗಳು ಇವರೆಲ್ಲ ಸೇರಿದ್ದರಿಂದ ಅದು ಸಾಧ್ಯವಾಯಿತು.

ದೇಶಕ್ಕೆ ಬಿದ್ದ ಹೊರೆಯೂ ಸಣ್ಣದಲ್ಲ. ಎಣ್ಣೆಯ ಬೆಲೆ ಏರಿತು, ಕೊಲ್ಲಿಯಿಂದ ಬರುತ್ತಿದ್ದ ಹಣ ಕಡಿಮೆಯಾಯಿತು. ಮೊದಲೇ ಸೊರಗಿದ್ದ ವಿದೇಶಿ ವಿನಿಮಯ ಇನ್ನೂ ಕರಗಿ, 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಡಬೇಕಾಯಿತು. ಬೇರೆಲ್ಲೋ ನಡೆದ ಆಕ್ರಮಣ ನಮ್ಮ ದೇಶದ ಖಜಾನೆಗೂ ನಮ್ಮ ಮನೆಗಳಿಗೂ ಒಟ್ಟಿಗೆ ತಾಗಿತು.

ಎಣ್ಣೆಯ ಹಣದಿಂದ ಪರಿಹಾರ

ಇದುವರೆಗಿನ ಕತೆ ಅನೇಕರಿಗೆ ಗೊತ್ತು. ಮುಂದಿನದು ಅಷ್ಟಾಗಿ ಗೊತ್ತಿಲ್ಲ.

1991ರ ಏಪ್ರಿಲ್ 3ರಂದು ಭದ್ರತಾ ಮಂಡಳಿ 687ನೇ ನಿರ್ಣಯ ಅಂಗೀಕರಿಸಿತು. ಆ ವರ್ಷ ಭಾರತವೂ ಮಂಡಳಿಯ ಸದಸ್ಯ ದೇಶವಾಗಿದ್ದು ನಿರ್ಣಯದ ಪರ ಮತ ಹಾಕಿತು. ಕಾನೂನುಬಾಹಿರ ಆಕ್ರಮಣದಿಂದ ಹೊರದೇಶದ ಸರಕಾರಗಳಿಗೆ, ಕಂಪನಿಗಳಿಗೆ ಮಾತ್ರವಲ್ಲ, ವ್ಯಕ್ತಿಗಳಿಗೆ ಆದ ನೇರ ನಷ್ಟಕ್ಕೂ ಇರಾಕ್ ಹೊಣೆ ಎಂದು ಅದರಲ್ಲಿ ಹೇಳಲಾಗಿತ್ತು. ಇದನ್ನು ಜಾರಿಗೊಳಿಸಲು ಮೇ 20ರಂದು ವಿಶ್ವಸಂಸ್ಥೆಯ ಪರಿಹಾರ ಆಯೋಗ ಸ್ಥಾಪನೆಯಾಯಿತು. ಕಚೇರಿ ಜಿನೀವಾದಲ್ಲಿ. ಹಣ ಎಲ್ಲಿಂದ? ಇರಾಕಿನ ಎಣ್ಣೆ ಮಾರಾಟದ ಒಂದು ಪಾಲಿನಿಂದ. ಮೊದಲು ಈ ಪಾಲು ಶೇಕಡಾ 30ರವರೆಗೆ ಇತ್ತು, 2003ರ ನಂತರ ಶೇಕಡಾ 5ಕ್ಕೆ ಇಳಿಯಿತು.

ಹಿಂದಿನ ಯುದ್ಧಗಳಲ್ಲಿ ಗೆದ್ದ ದೇಶ ಸೋತ ದೇಶದಿಂದ ಪರಿಹಾರ ವಸೂಲು ಮಾಡಿ ತನ್ನ ಖಜಾನೆಗೆ ಹಾಕಿಕೊಳ್ಳುತ್ತಿತ್ತು. ಇಲ್ಲಿ ಬಡ ಕೆಲಸಗಾರನ ಅರ್ಜಿಗೆ ಮೊದಲ ಸಾಲು ಕೊಡಲಾಯಿತು. ಅರ್ಜಿಗಳನ್ನು ಆರು ವಿಭಾಗ ಮಾಡಲಾಗಿತ್ತು.

‘ಎ’ ವಿಭಾಗ: 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರ ನಡುವೆ ಕುವೈಟ್ ಅಥವಾ ಇರಾಕ್ ಬಿಟ್ಟು ಹೊರಡಬೇಕಾಗಿ ಬಂದವರು. ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್. ಬೇರೆ ವಿಭಾಗದಲ್ಲಿ ಅರ್ಜಿ ಹಾಕುವುದಿಲ್ಲ ಎಂದು ಒಪ್ಪಿದವರಿಗೆ 4,000 ಮತ್ತು 8,000 ಡಾಲರ್.

‘ಬಿ’ ವಿಭಾಗ: ಗಂಭೀರ ಗಾಯ ಅಥವಾ ಮನೆಯವರ ಸಾವು.

‘ಸಿ’ ವಿಭಾಗ: ಸಂಬಳ, ಮನೆ ಸಾಮಾನು, ಬ್ಯಾಂಕಿನಲ್ಲಿದ್ದ ಹಣ ಮುಂತಾದ ಒಂದು ಲಕ್ಷ ಡಾಲರಿನವರೆಗಿನ ನಷ್ಟ.

‘ಡಿ’ ವಿಭಾಗ ಅದಕ್ಕೂ ಹೆಚ್ಚಿನ ವೈಯಕ್ತಿಕ ನಷ್ಟಕ್ಕೆ, ‘ಇ’ ಕಂಪನಿಗಳಿಗೆ, ‘ಎಫ್’ ಸರಕಾರಗಳಿಗೆ ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳಿಗೆ.

ವ್ಯಕ್ತಿಗಳು ನೇರವಾಗಿ ಜಿನೀವಾಕ್ಕೆ ಬರೆಯುವಂತಿರಲಿಲ್ಲ. ತಮ್ಮ ಸರಕಾರದ ಮೂಲಕವೇ ಅರ್ಜಿ ಹೋಗಬೇಕು. ಇದಕ್ಕಾಗಿ ದೆಹಲಿಯ ವಿದೇಶಾಂಗ ಸಚಿವಾಲಯದಲ್ಲಿ ವಿಶೇಷ ಕುವೈಟ್ ವಿಭಾಗ ತೆರೆಯಲಾಯಿತು. ‘ಎ’ ವಿಭಾಗಕ್ಕೆ ಬೇಕಾಗಿದ್ದುದು ತೀರಾ ಸರಳ ದಾಖಲೆ. ತಾನು ಅಲ್ಲಿದ್ದೆ, ಇಂಥ ಸಮಯದಲ್ಲಿ ಹೊರಟೆ ಎಂದು ತೋರಿಸುವ ಕಾಗದ ಇದ್ದರೆ ಸಾಕು. ಪಾಸ್‌ಪೋರ್ಟಿನ ಮೊಹರು, ವಿಮಾನದ ಟಿಕೇಟು, ತುರ್ತು ಪ್ರಮಾಣಪತ್ರ ಇಂಥವು. ದೊಡ್ಡ ಮೊತ್ತ ಕೇಳುವವರು ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ, ಕೆಲಸದ ಕರಾರು ಮುಂತಾದವನ್ನೂ ತೋರಿಸಬೇಕಿತ್ತು.

ದಿಗ್ಬಂಧನ ಇದ್ದುದರಿಂದ ಇರಾಕಿನ ಎಣ್ಣೆ ಮಾರಾಟವಾಗದೆ ಆಯೋಗದಲ್ಲಿ ಸಾಕಷ್ಟು ಹಣ ಇರಲಿಲ್ಲ. ಎಣ್ಣೆ ಮಾರಿ ಆಹಾರ ಕೊಳ್ಳುವ ಯೋಜನೆಯ ಪ್ರಕಾರ 1996ರ ಡಿಸೆಂಬರಿನಲ್ಲಿ ಎಣ್ಣೆ ಹೊರಹೋಗತೊಡಗಿದ ಮೇಲೆ ಪರಿಹಾರದ ಹಣ ಹರಿಯತೊಡಗಿತು. ಆ ಕಾಲದ ದರದಲ್ಲಿ 2,500 ಡಾಲರ್ ಎಂದರೆ ಸುಮಾರು 90 ಸಾವಿರದಿಂದ ಒಂದು ಲಕ್ಷ ರೂಪಾಯಿ. ಸಾಲ ಮಾಡಿ ಹೋಗಿ ಬರಿಗೈಯಲ್ಲಿ ಬಂದವನಿಗೆ ಅದು ಸಣ್ಣ ಹಣವಲ್ಲ. ‘ಎ’ ವಿಭಾಗ ಒಂದರಲ್ಲೇ ಹಲವು ದೇಶಗಳ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಮಂಜೂರಾದವು. ಎಲ್ಲ ವಿಭಾಗ ಸೇರಿ ಸುಮಾರು 27 ಲಕ್ಷ ಅರ್ಜಿಗಳು ಬಂದಿದ್ದು, ಸುಮಾರು 15 ಲಕ್ಷ ಅರ್ಜಿದಾರರಿಗೆ ಒಟ್ಟು 5,240 ಕೋಟಿ ಡಾಲರ್ ಕೊಡಲಾಯಿತು. ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ. ಮರು ತಿಂಗಳು ಭದ್ರತಾ ಮಂಡಳಿ ಆಯೋಗದ ಕೆಲಸ ಮುಗಿಯಿತೆಂದು ಘೋಷಿಸಿತು. ಮೂವತ್ತು ವರ್ಷ ಹಿಡಿದರೂ ಕೆಲಸ ಪೂರ್ತಿಯಾಯಿತು.

ಇದರಲ್ಲಿದ್ದ ಕೊರತೆಗಳು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಸತ್ಯದ ಅರ್ಧವನ್ನು ಮಾತ್ರ ಹೇಳಿದಂತೆ.

ಪರಿಹಾರದ ಹಣ ಸದ್ದಾಂ ಹುಸೇನರ ಜೇಬಿನಿಂದ ಬರಲಿಲ್ಲ. ಅದು ಇರಾಕಿ ಜನರ ಎಣ್ಣೆಯ ಹಣ. ದಿಗ್ಬಂಧನದ ವರ್ಷಗಳಲ್ಲಿ ಆ ಜನರೇ ಔಷಧ, ಆಹಾರ, ಶುದ್ಧ ನೀರಿಲ್ಲದೆ ಬಹಳ ಕಷ್ಟಪಟ್ಟರು. ಆಕ್ರಮಣ ಮಾಡಲು ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಎಣ್ಣೆ ಮಾರಿ ಆಹಾರ ಕೊಳ್ಳುವ ಯೋಜನೆಯಲ್ಲೂ ಲಂಚ, ಮೋಸ ನಡೆದದ್ದು 2005ರ ತನಿಖಾ ವರದಿಯಿಂದ ಹೊರಬಂತು.

ಬಲಶಾಲಿಗಳ ವಿಷಯದಲ್ಲಿ ನಿಯಮ ಒಂದೇ ಸಮನಾಗಿ ನಡೆಯುವುದಿಲ್ಲ ಎಂಬುದೂ ನಿಜ. 678ನೇ ನಿರ್ಣಯಕ್ಕೆ ಬೇಡ ಎಂದು ಮತ ಹಾಕಿದ ಯೆಮೆನ್ ದೇಶ ಅಮೆರಿಕದ ನೆರವು ಕಳೆದುಕೊಂಡಿತು. ಯೆಮೆನಿನ ನಿಲುವಿನಿಂದ ಸಿಟ್ಟಾದ ಸೌದಿ ಅರೇಬಿಯ ಅಲ್ಲಿದ್ದ ಲಕ್ಷಾಂತರ ಯೆಮೆನಿ ಕೆಲಸಗಾರರು ಮರಳಬೇಕಾದ ಸ್ಥಿತಿ ತಂದಿತು. ಸರಕಾರ ಕೈ ಎತ್ತಿದ್ದಕ್ಕೆ ಕೂಲಿಕಾರ ಬೆಲೆ ತೆತ್ತ. 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ದಾಳಿ ಮಾಡಿದಾಗ ಭದ್ರತಾ ಮಂಡಳಿಯ ಸ್ಪಷ್ಟ ಅನುಮತಿ ಇರಲಿಲ್ಲ. ಆ ಯುದ್ಧದಲ್ಲಿ ನೊಂದವರಿಗಾಗಿ ಅಂಥ ಪರಿಹಾರ ಆಯೋಗ ಹುಟ್ಟಲೂ ಇಲ್ಲ. ಹಾಗೆಂದು ವ್ಯವಸ್ಥೆಯೇ ಬೇಡ ಎನ್ನಲಾಗದು. ಕರ್ತಾಜಿನ ಕಾಲಕ್ಕೆ ಹಿಂದೆ ಹೋಗುವುದರಿಂದ ಬಲಶಾಲಿಗೆ ಮಾತ್ರ ಲಾಭ.

ಸಹಿ ಬೀಳದ ಒಡಂಬಡಿಕೆ

ಕುವೈಟಿನವರು ಊರಿಗೆ ಬಂದು ಕೆಲಸ ಹುಡುಕುತ್ತಿದ್ದ ಅದೇ 1990ರ ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಈ ಕಾರಣದಿಂದಲೇ ಡಿಸೆಂಬರ್ 18 ಅಂತರರಾಷ್ಟ್ರೀಯ ವಲಸಿಗರ ದಿನ. ಕೆಲಸಗಾರನ ಪಾಸ್‌ಪೋರ್ಟನ್ನು ಬೇಕಾಬಿಟ್ಟಿ ಕಸಿಯಬಾರದು, ಸಂಬಳದಲ್ಲಿ ಭೇದ ಮಾಡಬಾರದು, ತನ್ನ ಗಳಿಕೆ ಉಳಿತಾಯವನ್ನು ಊರಿಗೆ ಕಳಿಸುವ ಹಕ್ಕಿದೆ ಮುಂತಾದ ಒಳ್ಳೆಯ ಮಾತುಗಳು ಅದರಲ್ಲಿವೆ. 2003ರಲ್ಲಿ ಅದು ಜಾರಿಗೆ ಬಂತು. ಆದರೆ ಕೆಲಸಗಾರರನ್ನು ಕರೆಸಿಕೊಳ್ಳುವ ಕೊಲ್ಲಿ ದೇಶಗಳು ಅದನ್ನು ಒಪ್ಪಲಿಲ್ಲ. ಕಳಿಸಿಕೊಡುವ ಭಾರತವೂ ಒಪ್ಪಲಿಲ್ಲ. ಒಪ್ಪದ ದೇಶಕ್ಕೆ ಅದು ಕಟ್ಟುಪಾಡಲ್ಲ.

ಇದಕ್ಕೆ ಹೋಲಿಸಿ ಹಡಗಿನ ಕೆಲಸಗಾರರ ಸ್ಥಿತಿ ನೋಡೋಣ. ನಮ್ಮ ಕರಾವಳಿಯ ಯುವಕರು ಹಡಗಿಗೆ ಹೋಗುವುದು ಹೊಸತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ನಾವಿಕ ಕಾರ್ಮಿಕ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದನ್ನು ಒಪ್ಪಿತು. ಹಡಗಿನ ಮಾಲಿಕ ಎರಡು ತಿಂಗಳು ಸಂಬಳ ಕೊಡದಿದ್ದರೆ, ಊಟ ನೀರು ಕೊಡದಿದ್ದರೆ, ಊರಿಗೆ ಕಳಿಸದಿದ್ದರೆ ಅದನ್ನು ನಾವಿಕರನ್ನು ಕೈಬಿಟ್ಟಂತೆ ಎಂದು ಪರಿಗಣಿಸಲಾಗುತ್ತದೆ. ಆಗ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಬರುವ ಖರ್ಚನ್ನು ಭರಿಸುವ ವಿಮೆ ಹಡಗಿಗೆ ಮೊದಲೇ ಇರಬೇಕು ಎಂಬ ನಿಯಮ 2017ರಲ್ಲಿ ಸೇರಿಕೊಂಡಿತು. ನಿಯಮ ಮೀರಿದ ಹಡಗನ್ನು ಅದು ಹೋದ ಬಂದರಿನ ಅಧಿಕಾರಿಗಳು ತಡೆದು ನಿಲ್ಲಿಸಬಹುದು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಡಗು ನಿಂತರೆ ಸರಕು ನಿಲ್ಲುತ್ತದೆ, ವ್ಯಾಪಾರಕ್ಕೆ ನಷ್ಟವಾಗುತ್ತದೆ. ಹಾಗಾಗಿ ನಾವಿಕನ ಹಕ್ಕಿಗೆ ಹಲ್ಲು ಬಂತು. ಮನೆಯೊಳಗೆ ಅಡುಗೆ ಮಾಡುವ, ಮಗು ನೋಡಿಕೊಳ್ಳುವ ಹೆಂಗಸಿಗೆ ಸಂಬಳ ಸಿಗದಿದ್ದರೆ ಯಾವ ಬಂದರೂ ನಿಲ್ಲುವುದಿಲ್ಲ. ದೇಶಗಳು ಸರಕು ದಾಟಿಸಲು ಬೇಗ ಒಪ್ಪಂದಕ್ಕೆ ಬರುತ್ತವೆ, ಮನುಷ್ಯರ ಹಕ್ಕಿನ ಮಾತು ಬಂದಾಗ ನಿಧಾನ ಮಾಡುತ್ತವೆ. ಮನೆಕೆಲಸದವರಿಗಾಗಿ 2011ರಲ್ಲಿ ಬಂದ 189ನೇ ಒಡಂಬಡಿಕೆಯನ್ನೂ ಭಾರತ ಒಪ್ಪಿಕೊಂಡಿಲ್ಲ.

ಆದರೂ ಸ್ವಲ್ಪ ಬದಲಾವಣೆ ಆಗಿದೆ. ಕುವೈಟ್ 2015ರಲ್ಲಿ 68ನೇ ಕಾನೂನಿನ ಮೂಲಕ ಮನೆಕೆಲಸದವರಿಗೆ ವಾರದ ರಜೆ, ದಿನಕ್ಕೆ ಗರಿಷ್ಠ 12 ಗಂಟೆ ಕೆಲಸ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ ನಿಗದಿ ಮಾಡಿತು. ಕೆಲಸಗಾರರ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿತು. 2021ರ ಜೂನಿನಲ್ಲಿ ಭಾರತ ಮತ್ತು ಕುವೈಟ್ ಮನೆಕೆಲಸದವರ ನೇಮಕಾತಿಯ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದವು. ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. 2024ರ ಜೂನ್ 12ರಂದು ಕುವೈಟಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ತೀರಿಕೊಂಡದ್ದನ್ನು ನಾವು ಮರೆಯುವಂತಿಲ್ಲ.

ನಮ್ಮ ಕೈಯಲ್ಲಿ ಇರುವುದು

ದೆಹಲಿ ಯಾವ ಒಡಂಬಡಿಕೆಗೆ ಸಹಿ ಹಾಕಬೇಕು ಎಂಬುದು ಒಂದು ಧರ್ಮಕೇಂದ್ರದ ಕೈಯಲ್ಲಿಲ್ಲ. ಆದರೆ ಕುವೈಟಿನ ಪರಿಹಾರದ ಕತೆಯಲ್ಲಿ ಒಂದು ಮುಖ್ಯ ಪಾಠ ಇದೆ. ಹಕ್ಕು ಎಲ್ಲರಿಗೂ ಇತ್ತು. ಅದನ್ನು ಸಾಧಿಸಿಕೊಳ್ಳಲು ಒಂದು ಕಾಗದ ಬೇಕಿತ್ತು, ಅರ್ಜಿ ಹಾಕಬೇಕೆಂಬ ಸುದ್ದಿ ಸಮಯಕ್ಕೆ ಮುಟ್ಟಬೇಕಿತ್ತು. ಈ ಎರಡು ಕೆಲಸ ನಮ್ಮ ಊರಿನಲ್ಲೇ ಆಗುವಂಥದ್ದು.

ಪರದೇಶಕ್ಕೆ ಹೋಗುವವರು ಮತ್ತು ಮನೆಯವರು ಈ ಕೆಳಗಿನ ವಿಷಯ ಗಮನಿಸುವುದು ಒಳ್ಳೆಯದು.

1. ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು, ವಿಮೆಯ ಪತ್ರ ಇವುಗಳ ಪ್ರತಿ ಊರಿನ ಮನೆಯಲ್ಲಿ ಒಂದು, ಫೋನಿನಲ್ಲಿ ಒಂದು ಇರಲಿ. ಸಂಬಳ ಬಂದ ದಾಖಲೆಯನ್ನು ತಿಂಗಳು ತಿಂಗಳು ಉಳಿಸಿಕೊಳ್ಳಿ.

2. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ವಲಸೆ ತಪಾಸಣೆಯ ಷರತ್ತು ಇರುತ್ತದೆ. ಇಂಥವರು ಕುವೈಟ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಅನುಮತಿ ಪಡೆಯಬೇಕು. ಸಂದರ್ಶಕರ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕುವವರು ಈ ರಕ್ಷಣೆಯಿಂದ ಹೊರಗೆ ಉಳಿಯುತ್ತಾರೆ.

3. ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟಿನಲ್ಲಿ ನೋಡಿಕೊಳ್ಳಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ನಿಯಮದಲ್ಲಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿ ಇದೆ. ಕೊಟ್ಟ ಹಣಕ್ಕೆ ರಶೀದಿ ಕೇಳಿ.

4. ಇಂಥ ಪಾಸ್‌ಪೋರ್ಟಿನ ಹೆಂಗಸರು ಮನೆಕೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು ಎಂಬ ನಿಯಮ ತಂದದ್ದು ಅವರ ರಕ್ಷಣೆಗಾಗಿ. ವಯಸ್ಸು ತಿದ್ದಿ, ಬೇರೆ ದೇಶದ ದಾರಿಯಿಂದ ಕಳಿಸುತ್ತೇನೆ ಎನ್ನುವವರನ್ನು ನಂಬಬೇಡಿ.

5. ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ಕಡ್ಡಾಯ ವಿಮೆಯಲ್ಲಿ ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿವರೆಗೆ ಪರಿಹಾರ ಇದೆ. ವಿಮೆ ಮಾಡಿದ ವಿಷಯ ಮನೆಯವರಿಗೆ ಗೊತ್ತಿಲ್ಲದಿದ್ದರೆ ಅದನ್ನು ಕೇಳುವವರೇ ಇರುವುದಿಲ್ಲ.

6. ಅಲ್ಲಿ ತೊಂದರೆಯಾದರೆ ಮೊದಲು ಭಾರತೀಯ ರಾಯಭಾರ ಕಚೇರಿಗೆ ತಿಳಿಸಬೇಕು. ವಿದೇಶಾಂಗ ಸಚಿವಾಲಯದ ‘ಮದದ್’ ದೂರು ವ್ಯವಸ್ಥೆಯಲ್ಲಿ ಊರಿನಿಂದ ಮನೆಯವರೂ ದೂರು ದಾಖಲಿಸಬಹುದು. ಅದರ ನಂಬರು ಬರೆದಿಟ್ಟುಕೊಳ್ಳಿ.

ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಮತ್ತು ವಾಳೆಯ ಗುರಿಕಾರರು ಮನಸ್ಸು ಮಾಡಿದರೆ ಇನ್ನೂ ಒಂದು ಹೆಜ್ಜೆ ಇಡಬಹುದು. ತಮ್ಮ ವಾಳೆಯಿಂದ ಯಾರು ಯಾವ ದೇಶದಲ್ಲಿದ್ದಾರೆ, ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂಬ ಪಟ್ಟಿಯನ್ನು ಮನೆಯವರ ಒಪ್ಪಿಗೆಯಿಂದ ಮಾಡಿ, ಹೊರಗಿನವರ ಕೈಗೆ ಸಿಗದಂತೆ ಜೋಪಾನವಾಗಿ ಇಟ್ಟುಕೊಳ್ಳಬಹುದು. ದೂರು ಬರೆಯಲು ಗೊತ್ತಿಲ್ಲದ ಮನೆಯವರಿಗೆ ಕಂಪ್ಯೂಟರ್ ಬಲ್ಲ ಯುವಕ ಯುವತಿಯರು ಕುಳಿತು ಬರೆದುಕೊಡಬಹುದು. ಇದು ಕಥೋಲಿಕರಿಗೆ ಮಾತ್ರ ಎಂದು ಮಾಡುವ ಕೆಲಸವಲ್ಲ. 1990ರ ಬಸ್ಸುಗಳಲ್ಲಿ ಯಾರ ಜಾತಿ ಧರ್ಮವನ್ನೂ ಕೇಳಿರಲಿಲ್ಲ. ನೆರೆಮನೆಯ ಮೊಗವೀರರ, ಬಿಲ್ಲವರ, ಬ್ಯಾರಿಗಳ ಮಕ್ಕಳೂ ಅದೇ ದೇಶಗಳಲ್ಲಿ ದುಡಿಯುತ್ತಿದ್ದಾರೆ.

ಮುಂದೆಯೂ ಯುದ್ಧಗಳಾಗಬಹುದು, ಕಂಪನಿಗಳು ಮುಚ್ಚಬಹುದು, ಕಾನೂನುಗಳು ಬದಲಾಗಬಹುದು. ಕುವೈಟ್ ಒಂದರಲ್ಲೇ ಸುಮಾರು 10 ಲಕ್ಷ ಭಾರತೀಯರಿದ್ದಾರೆಂದು 2024ರಲ್ಲಿ ಭಾರತ ಸರಕಾರ ತಿಳಿಸಿತ್ತು. ಇದು 1990ರ ಸಂಖ್ಯೆಯ ಐದು ಪಾಲಿಗಿಂತಲೂ ಹೆಚ್ಚು. ದೇಶಗಳು ಕೂಡಿ ಮಾಡಿದ ನಿರ್ಣಯ ಜಿನೀವಾದ ಕಪಾಟಿನಲ್ಲಿ ಉಳಿಯಬೇಕೇ, ಬೈಂದೂರಿನ ಮನೆಯ ಬಾಗಿಲಿಗೆ ಬರಬೇಕೇ ಎಂಬುದರಲ್ಲಿ ನಮ್ಮ ಪಾಲೂ ಸ್ವಲ್ಪ ಇದೆ. ಬರುವ ಭಾನುವಾರ ಪರದೇಶದಲ್ಲಿರುವ ಮಗ, ಮಗಳ ಫೋನ್ ಬಂದಾಗ ಊಟವಾಯಿತೇ, ಆರೋಗ್ಯವೇ ಎಂದು ವಿಚಾರಿಸುವುದರ ಜೊತೆಗೆ, ನಿನ್ನ ಕರಾರಿನ ಒಂದು ಪ್ರತಿ ಮನೆಗೆ ಕಳಿಸು ಎಂಬ ಮಾತನ್ನೂ ಸೇರಿಸಿದರೆ ಈ ಲೇಖನ ಬರೆದದ್ದು ಸಾರ್ಥಕವೆಂದು ನಾವು ತಿಳಿಯುತ್ತೇವೆ.